ಏಳನೇ ಮೊಳೆ

ಜೂನ್ 8, ಶನಿವಾರ. ಮಧ್ಯಾಹ್ನ

ಉಗುರಿನ ಸಂದಿಯಲ್ಲಿ ಇನ್ನೂ ಪ್ಲಾಸ್ಟರ್. ಸೋಪು ಹಾಕಿ ತಿಕ್ಕಿದರೂ ಹೋಗಿಲ್ಲ. ಇವತ್ತು ಕ್ಲಾಸಿನಲ್ಲಿ ಹೆಜ್ಜೆ ಗುರುತನ್ನು ಪ್ಲಾಸ್ಟರಿನಲ್ಲಿ ಎತ್ತುವ ಪಾಠ. ಲೈಬ್ರರಿ ಮಹಡಿಯಲ್ಲಿ ಟ್ರೇಗಳ ತುಂಬ ಒದ್ದೆ ಮಣ್ಣು. ಒಬ್ಬೊಬ್ಬರೂ ಒಂದು ಸಲ ತುಳಿಯಬೇಕು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಬೇಕು, ಆಮೇಲೆ ಸುರಿಯಬೇಕು. ನೇರ ಗುರುತಿನ ಮೇಲೆ ಸುರಿಯುವ ಹಾಗಿಲ್ಲ. ಬದಿಯಲ್ಲಿ ಸುರಿದು, ತಾನಾಗಿ ಹರಿದು ತುಂಬಿಕೊಳ್ಳಲು ಬಿಡಬೇಕು. ಇಲ್ಲದಿದ್ದರೆ ಸುರಿದ ರಭಸಕ್ಕೇ ಗುರುತು ಹಾಳು.

ನನ್ನ ಪಕ್ಕ ಕೂರುವ ಪೋಸ್ಟ್‌ಮಾಸ್ಟರ್ ತಾತ, ರಿಟೈರ್ ಆಗಿ ಹತ್ತು ವರ್ಷವಾಗಿದೆ, ಒಣಗಿದೆಯಾ ನೋಡೋಣ ಅಂತ ಬೆರಳಿಟ್ಟ. ಈಗ ಆ ಪಾದಕ್ಕೆ ಆರು ಬೆರಳು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಇದು ಇನ್ನು ಸಾಕ್ಷಿಯಲ್ಲ, ನಿಮ್ಮ ಆತುರದ ಮಾದರಿ ಅಂದರು. ಮೇಡಂ ಫೊರೆನ್ಸಿಕ್ ಲ್ಯಾಬಿನವರು. ಬೂಟು, ಟೈರು ಗುರುತುಗಳ ವಿಭಾಗ. ಆರು ಶನಿವಾರ ಬಂದು ಪಾಠ ಮಾಡುತ್ತಾರೆ. ಯಾರು ಬೇಕಾದರೂ ಸೇರಬಹುದು, ಮಾರ್ಕ್ಸ್ ಕಾರ್ಡ್ ಕೇಳುವುದಿಲ್ಲ. ಅದಕ್ಕೇ ಸೇರಿದ್ದು. ನನ್ನ ಹತ್ತಿರ ಮಾರ್ಕ್ಸ್ ಕಾರ್ಡ್ ಇಲ್ಲ.

ನನ್ನದೇ ಎಲ್ಲಕ್ಕಿಂತ ಚೊಕ್ಕವಾಗಿ ಬಂತು. ಬೂಟು ರಿಪೇರಿ ಅಂಗಡಿಯಲ್ಲಿ ಬೆಳೆದವಳಿಗೆ ಅಟ್ಟೆ ನೋಡುವುದು ಹೊಸದಲ್ಲ. ಮೇಡಂ ಎರಡು ಸಲ ತಿರುಗಿಸಿ ನೋಡಿದರು. ಎರಡು ಸಲ ನೋಡಿದರು, ಅಷ್ಟೇ ಸಾಕು.

ಮೂರು ಗಂಟೆ ಕೂತಿದ್ದೆ. ಒಂದೇ ಕಡೆ. ಅಕ್ಕ ನಂಬಲಿಲ್ಲ.

ಜೂನ್ 11, ಮಂಗಳವಾರ

ನಿನ್ನೆ ಬೆಳಗಿನ ಜಾವ ಮೇನ್ ರೋಡಿನ ಕನ್ನಡಕದಂಗಡಿಯ ಹಿಂಬಾಗಿಲು ಒಡೆದಿದ್ದಾರೆ. ಅಡ್ಡ ಬಂದ ವಾಚ್‌ಮನ್ನನ್ನು ಮೆಟ್ಟಿಲಿನಿಂದ ತಳ್ಳಿದ್ದಾರೆ. ಅರವತ್ತೆಂಟು ವರ್ಷ. ಸೊಂಟದ ಮೂಳೆ ಮುರಿದಿದೆ. ಅಕ್ಕನ ವಾರ್ಡಿಗೇ ತಂದಿದ್ದಾರೆ. ಅಕ್ಕ ನರ್ಸ್. ಯಾರು ತಳ್ಳಿದರೆಂದು ಕೇಳಿದರೆ ಮುಖ ಕಾಣಲಿಲ್ಲ ಅನ್ನುತ್ತಾರಂತೆ. ಪದೇ ಪದೇ ತಮ್ಮ ಟಾರ್ಚ್ ಎಲ್ಲಿ ಅಂತ ಕೇಳುತ್ತಾರಂತೆ.

ಅಪ್ಪ ಕೇಳಿಸಿಕೊಂಡು ಸುತ್ತಿಗೆ ಕೆಳಗಿಟ್ಟ. ಆ ವಾಚ್‌ಮನ್ ನಮ್ಮ ಗಿರಾಕಿ.

ಜೂನ್ 12, ಬುಧವಾರ. ಸಂಜೆ ನಾಲ್ಕು

ಇನ್ಸ್‌ಪೆಕ್ಟರ್ ಬಂದಿದ್ದರು. ಊರಿನ ನಾಲ್ಕೂ ರಿಪೇರಿ ಅಂಗಡಿ ಸುತ್ತುತ್ತಿದ್ದಾರೆ. ನಮ್ಮದು ಮೂರನೆಯದು.

ಕೈಯಲ್ಲಿ ಫೋಟೋ. ಕನ್ನಡಕದಂಗಡಿಯ ಹಿಂದೆ ನಲ್ಲಿ ಸೋರಿ ಕೆಸರಾದ ಜಾಗದಲ್ಲಿ ಒಂದೇ ಒಂದು ಎಡಗಾಲು. ಅದರ ಪ್ಲಾಸ್ಟರ್. ಮುಂಗಾಲು ಕಲ್ಲುಚಪ್ಪಡಿಯ ಮೇಲೆ ಬಿದ್ದದ್ದರಿಂದ ಉಳಿದಿಲ್ಲ. ಹಿಮ್ಮಡಿ ಮಾತ್ರ. ಹೊಸದಾಗಿ ರಬ್ಬರ್ ಹೊಡೆದ ಹಿಮ್ಮಡಿ, ಅಂಚಿನ ಸುತ್ತ ಹನ್ನೊಂದು ಮೊಳೆ. ಹೊರಬದಿಯಿಂದ ಎಣಿಸಿದರೆ ಏಳನೆಯದು ಸಾಲು ಬಿಟ್ಟು ಒಳಗೆ ಸರಿದಿದೆ. ಒಂದು ಅಕ್ಕಿಕಾಳಿನಷ್ಟು.

ನೋಡಿದ ಕೂಡಲೇ ಗೊತ್ತಾಯಿತು. ಅದು ನನ್ನ ಮೊಳೆ.

ಹೋದ ವರ್ಷದಿಂದ ಹಿಮ್ಮಡಿ ಕೆಲಸ ನನ್ನದು. ಏಪ್ರಿಲ್‌ನಲ್ಲಿ ಲಿಫ್ಟ್ ರಿಪೇರಿಯವನ ಬೂಟಿಗೆ ರಬ್ಬರ್ ಹೊಡೆಯುತ್ತಿದ್ದೆ. ಅವನು ಸ್ಟೂಲಿನ ಮೇಲೆ ಕೂತು, ಲಿಫ್ಟಿನಲ್ಲಿ ಸಿಕ್ಕಿಕೊಂಡ ಮದುಮಗನ ಕಥೆ ಹೇಳುತ್ತಿದ್ದ. ಹೊರಗೆ ಮಾವ ಬಾಗಿಲು ಬಡಿಯುತ್ತಿದ್ದಾನೆ, ಒಳಗಿನಿಂದ ಅಳಿಯ ‘ಇನ್ನೊಂದು ಸಲ ಯೋಚನೆ ಮಾಡ್ತೀನಿ’ ಅಂತಿದ್ದಾನೆ. ನಕ್ಕುಬಿಟ್ಟೆ. ಆಮೇಲೆ ನೋಡಿದರೆ ಏಳನೇ ಮೊಳೆ ಒಳಗೆ. ಕಿತ್ತು ಹೊಡೆದುಕೊಡುತ್ತೇನೆ ಅಂದೆ. ನನ್ನ ನಡಿಗೆಯೂ ಸೊಟ್ಟಗೇ ಇದೆ, ಇರಲಿ ಬಿಡು ಅಂದ.

ಅಷ್ಟನ್ನೂ ಹೇಳಿದೆ. ಖಂಡಿತವಾಗಿಯಾ ಅಂತ ಕೇಳಿದರು. ಖಂಡಿತ ಅಂದೆ. ಬರೆದುಕೊಂಡು ಓದಿ ಹೇಳಿದರು. ಸಹಿ ಹಾಕಿದೆ.

ಸುಳ್ಳು ಹೇಳಲು ನನಗೆ ಬರುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದ್ದೇನೆ.

ಜೂನ್ 14, ಶುಕ್ರವಾರ

ಲಿಫ್ಟಿನವನನ್ನು ಹಿಡಿದಿದ್ದಾರೆ. ಕಳ್ಳತನಕ್ಕೆ ಹಿಂದಿನ ವಾರ ಕನ್ನಡಕದಂಗಡಿಯ ಕಟ್ಟಡದಲ್ಲೇ ಲಿಫ್ಟ್ ಕೆಲಸ ಮಾಡಿದ್ದನಂತೆ. ಹಿಂಬಾಗಿಲು ಗೊತ್ತಿತ್ತು. ಆ ಹೊತ್ತಿಗೆ ಮನೆಯಲ್ಲಿ ಮಲಗಿದ್ದೆ ಅನ್ನುತ್ತಾನೆ. ಹೆಂಡತಿ ಬಿಟ್ಟು ಬೇರೆ ಸಾಕ್ಷಿಯಿಲ್ಲ.

ಅಪ್ಪ ಬಂದ ಗಿರಾಕಿಗೆಲ್ಲ ಹೇಳುತ್ತಿದ್ದಾನೆ. ‘ನಮ್ಮ ಬುಗುರಿ ಒಂದು ಮೊಳೆ ನೋಡಿ ಕಳ್ಳನ್ನ ಹಿಡಿದ್ಲು.’ ಬುಗುರಿ ಅಂದರೆ ನಾನು. ಒಂದು ಕಡೆ ನಿಲ್ಲದವಳು. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಮೇಷ್ಟರೇ ಉತ್ತರ ಹೇಳಿಕೊಡುತ್ತಿದ್ದಾಗ ಎದ್ದು ಬಂದವಳು. ಅದನ್ನು ಅಪ್ಪ ದೊಡ್ಡ ಸಂಗತಿ ಮಾಡಿ ಹೇಳುತ್ತಾನೆ. ಹೇಗಿದ್ದರೂ ನಾನು ಫೇಲ್ ಆಗುತ್ತಿದ್ದೆ ಅನ್ನುವುದನ್ನು ಬಿಟ್ಟುಬಿಡುತ್ತಾನೆ. ಎರಡೂ ನಿಜ.

ಖುಷಿಯಾಗಿದೆ. ಇಲ್ಲ ಅಂದರೆ ಸುಳ್ಳಾಗುತ್ತದೆ.

ಜೂನ್ 15, ಶನಿವಾರ

ಇವತ್ತು ಪ್ಯಾಕಿಂಗ್. ಒದ್ದೆ ಬಟ್ಟೆ ಪ್ಲಾಸ್ಟಿಕ್ ಕವರಿಗೆ ಹಾಕಬಾರದು, ಬೂಸಲು ಬರುತ್ತದೆ. ಒಣಗಿಸಿ ಕಾಗದದ ಚೀಲ. ಯಾರು ಕೊಟ್ಟರು, ಯಾರು ತೆಗೆದುಕೊಂಡರು, ಎಷ್ಟು ಹೊತ್ತಿಗೆ — ಪ್ರತಿ ಕೈಗೂ ಒಂದು ಸಾಲು. ಪೋಸ್ಟ್‌ಮಾಸ್ಟರ್ ತಾತನಿಗೆ ಸ್ವರ್ಗ ಸಿಕ್ಕ ಹಾಗಾಯಿತು. ಇದು ರಿಜಿಸ್ಟರ್ಡ್ ಪೋಸ್ಟೇ ಕಣಮ್ಮ ಅಂದ.

ಕ್ಲಾಸ್ ಮುಗಿದ ಮೇಲೆ ಮೇಡಂ ಹತ್ತಿರ ಹೋದೆ. ಆ ಹಿಮ್ಮಡಿ ಗುರುತಿಸಿದ್ದು ನಾನೇ ಅಂದೆ. ಹೊಗಳಿಕೆ ಬೇಕಿತ್ತು. ಮೇಡಂ ಬ್ಯಾಗಿನ ಜಿಪ್ ಎಳೆದರು. ಆ ಪ್ಲಾಸ್ಟರ್ ಅವರ ಟೇಬಲ್ಲಿಗೇ ಬಂದಿದೆಯಂತೆ. ಅದರ ವಿಷಯ ಒಂದು ಅಕ್ಷರವೂ ಅವರ ಹತ್ತಿರ ಆಡಬಾರದಂತೆ. ಕಿವಿಗೆ ಬಿದ್ದರೆ ಕಣ್ಣು ಅದನ್ನೇ ಹುಡುಕುತ್ತದೆ ಅಂದರು. ಅಷ್ಟು ಹೇಳಿ ಮೆಟ್ಟಿಲಿಳಿದರು.

ಜೂನ್ 22, ಶನಿವಾರ

ಇವತ್ತಿನ ಪಾಠ ತಲೆಯಿಂದ ಹೋಗುತ್ತಿಲ್ಲ.

ಗುರುತಿನಲ್ಲಿ ಎರಡು ಜಾತಿ. ಗುಂಪಿನ ಗುರುತು, ಸ್ವಂತ ಗುರುತು. ಒಂದೇ ಕಂಪನಿಯ ಒಂದೇ ಸೈಜಿನ ಸಾವಿರ ಬೂಟಿಗೆ ಒಂದೇ ಗೆರೆ. ಅದು ಗುಂಪು. ಆಮೇಲೆ ಒಂದು ಬೂಟು ಗಾಜು ತುಳಿಯುತ್ತದೆ, ಸೀಳು ಬೀಳುತ್ತದೆ. ಅದು ಸ್ವಂತ. ಗುಂಪಿನ ಗುರುತು ಎಷ್ಟೇ ವಿಚಿತ್ರವಾಗಿದ್ದರೂ ಗುಂಪಿನದೇ. ಮೇಡಂ ಎರಡು ರಬ್ಬರ್ ಸ್ಟಾಂಪ್ ಹೊಡೆದು ತೋರಿಸಿದರು. ಎರಡರಲ್ಲೂ ಒಂದು ಅಕ್ಷರದ ಬಾಲ ಮುರಿದಿದೆ. ಒಂದೇ ಸ್ಟಾಂಪ್ ಅಂತ ಹನ್ನೆರಡು ಜನರೂ ಕೈಯೆತ್ತಿದೆವು. ಎರಡು ಬೇರೆ ಬೇರೆ ಸ್ಟಾಂಪ್. ಮುರಿದದ್ದು ಎರಡನ್ನೂ ಎರಕ ಹೊಯ್ದ ಒಂದೇ ಅಚ್ಚಿನಲ್ಲಿ.

‘ಪರೀಕ್ಷೆ ಮಾಡೋರ ಹತ್ರ ಮೂರು ಉತ್ತರ ಇರುತ್ತೆ. ಹೌದು, ಅಲ್ಲ, ಹೇಳೋಕಾಗಲ್ಲ. ಮೂರನೇದು ಹೇಳೋಕೆ ಎಲ್ಲರಿಗೂ ನಾಚಿಕೆ’ ಅಂದರು ಮೇಡಂ.

ಮನೆಗೆ ಬಂದು ಊಟ ಸೇರಲಿಲ್ಲ. ಯಾಕೆ ಅಂತ ಗೊತ್ತಾಗುತ್ತಿಲ್ಲ. ನನ್ನ ಮೊಳೆ ಸ್ವಂತವೇ. ನಕ್ಕಾಗ ಸರಿದದ್ದು.

ಜೂನ್ 24, ಸೋಮವಾರ. ಬೆಳಿಗ್ಗೆ ಹನ್ನೊಂದು

ಬೇಕರಿಯವನ ಬೂಟು. ಎಡದ ಹಿಮ್ಮಡಿ. ಯಾರೂ ಮಾತಾಡಿಸುತ್ತಿರಲಿಲ್ಲ. ನಗುವಂಥದ್ದು ಏನೂ ಇರಲಿಲ್ಲ.

ಏಳನೇ ಮೊಳೆ ಒಳಗೆ.

ನನ್ನ ಹತ್ತಿರ ಒಂದು ತಗಡಿದೆ. ಹೋದ ವರ್ಷ ಪಾಲಿಶ್ ಡಬ್ಬಿಯ ಮುಚ್ಚಳ ಕತ್ತರಿಸಿ, ಹಿಮ್ಮಡಿಯ ಆಕಾರಕ್ಕೆ ಬಗ್ಗಿಸಿ, ಹನ್ನೊಂದು ತೂತು ಹೊಡೆದುಕೊಂಡದ್ದು. ರಬ್ಬರಿನ ಮೇಲೆ ಇಟ್ಟು ತೂತಿನಲ್ಲಿ ದಬ್ಬಳ ಚುಚ್ಚಿದರೆ ಮೊಳೆಗೆ ಜಾಗ ಸಿಗುತ್ತದೆ, ಅಳೆಯುವ ಗೋಜಿಲ್ಲ. ಅಪ್ಪನಿಗೆ ಅದನ್ನು ಕಂಡರಾಗದು. ಅಪ್ಪನದು ಕಣ್ಣಳತೆ.

ತಗಡನ್ನು ಪೇಪರಿನ ಮೇಲಿಟ್ಟು ಹನ್ನೊಂದು ಚುಕ್ಕೆ ಹಾಕಿದೆ. ಏಳನೆಯದು ಒಳಗೆ. ಒಂದು ಅಕ್ಕಿಕಾಳಿನಷ್ಟು.

ನಗು ಅಲ್ಲ. ತಗಡು. ತೂತು ಹೊಡೆದ ದಿನವೇ ಅದು ಸರಿದಿದೆ. ಒಂದು ವರ್ಷ ಹೊಡೆದು, ಒರೆಸಿ, ಕೊಟ್ಟು ಕಳಿಸಿದ್ದೇನೆ. ಸರಿಯಾಗಿ ನೋಡಿದ್ದು ಒಂದೇ ಸಲ. ಅವತ್ತು ತಪ್ಪು ಮಾಡಿದೆ ಅಂದುಕೊಂಡದ್ದರಿಂದ ನೋಡಿದೆ. ಅಷ್ಟೇ.

ಎಷ್ಟು ಜೋಡಿ? ಐವತ್ತು? ಅರವತ್ತು?

ಅದೇ ದಿನ. ಸಂಜೆ ಆರು

ಅಪ್ಪನಿಗೆ ಹೇಳಿದೆ. ತಗಡು, ಪೇಪರು, ಬೇಕರಿಯವನ ಬೂಟು ಮೂರನ್ನೂ ಮುಂದಿಟ್ಟೆ. ತಗಡನ್ನು ಪೇಪರಿನ ಚುಕ್ಕೆಗಳ ಮೇಲೆ ತಾನೇ ಇಟ್ಟು ನೋಡಿದ. ಆಮೇಲೆ ಶಟರ್ ಅರ್ಧ ಎಳೆದ.

‘ಅವನೇ ಆಗಿರಬಹುದು ಅಲ್ವೇನೇ?’

‘ಆಗಿರಬಹುದು.’

‘ಮತ್ತೆ?’

‘ಆಗಿರಬಹುದು ಅಂತ ನಾನು ಹೇಳಿಲ್ಲಪ್ಪ. ಅವನದೇ ಅಂತ ಹೇಳಿದೀನಿ.’

ಅಪ್ಪ ಬೈಯಲಿಲ್ಲ. ಬೈದಿದ್ದರೆ ಸಲೀಸಾಗುತ್ತಿತ್ತು. ಹಾಗಾದರೆ ನಮ್ಮ ಹತ್ತಿರ ಹಿಮ್ಮಡಿ ಹೊಡೆಸಿದವರೆಲ್ಲ ಈಗ ಕಳ್ಳರೇ, ಎಲ್ಲರನ್ನೂ ಸ್ಟೇಷನ್ನಿಗೆ ಕಳಿಸುತ್ತೀಯಾ, ಆಮೇಲೆ ಈ ಅಂಗಡಿಗೆ ಯಾರು ಕಾಲಿಡುತ್ತಾರೆ ಅಂತ ಕೇಳಿದ. ಒಂದು ವಾರ ಸುಮ್ಮನಿರು, ಲ್ಯಾಬಿನವರೇ ಕಂಡುಹಿಡಿಯಲಿ ಅಂದ.

ಒಂದು ವಾರ ಅವನು ಒಳಗಿರುತ್ತಾನೆ. ನಾಳೆ ಹೋಗುತ್ತೇನೆ.

ಜೂನ್ 25, ಮಂಗಳವಾರ

ಸ್ಟೇಷನ್. ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿದರು. ಕೂರಲಾಗಲಿಲ್ಲ. ನಿಂತೇ ಕಾದೆ.

ಇನ್ಸ್‌ಪೆಕ್ಟರ್ ಕೆಟ್ಟವರಲ್ಲ. ಸುಸ್ತಾದವರು. ಹೇಳಿದ್ದನ್ನು ಪೂರ್ತಿ ಕೇಳಿದರು. ಆಮೇಲೆ, ಯಾರಾದರೂ ಹೆದರಿಸಿದರಾ, ಅವನ ಮನೆಯವರು ಬಂದಿದ್ದರಾ ಅಂತ ಕೇಳಿದರು. ಇಲ್ಲ ಅಂದೆ. ತಗಡು ತೋರಿಸಿದೆ. ಬೆರಳಲ್ಲಿ ತಿರುಗಿಸಿ ವಾಪಸ್ ಇಟ್ಟರು.

‘ಅವತ್ತು ಖಂಡಿತ ಅಂದೆ. ಇವತ್ತು ಅಲ್ಲ ಅಂತೀಯ. ನಾಳೆ ಇನ್ನೇನಂತೀಯೋ. ಬಾಯಿಮಾತು ಸಾಕು. ಒಂದು ತಗಡು, ಒಂದು ಬೂಟು ತಂದು ಐವತ್ತು ಜೋಡಿ ಕಥೆ ಹೇಳ್ಬೇಡ. ಬೂಟುಗಳನ್ನ ತೋರಿಸು, ಬರೆದುಕೊಡು. ತಗೋತೀನಿ.’

ನ್ಯಾಯವಾದ ಮಾತು. ಕೋಪ ಬಂತು, ಆದರೆ ನ್ಯಾಯವಾದ ಮಾತು.

ಜೂನ್ 26, ಬುಧವಾರ

ಲಿಫ್ಟಿನವನ ಹೆಂಡತಿ ಬಂದಿದ್ದಳು. ಇಸ್ತ್ರಿ ಅಂಗಡಿಯಲ್ಲಿ ಕೆಲಸ. ಬಲಗೈ ಮೇಲೆ ಸುಟ್ಟ ಕಲೆ. ಸ್ಟೇಷನ್ನಿನಲ್ಲಿ ಯಾರೋ ಹೇಳಿದ್ದಾರೆ, ಆ ಹುಡುಗಿ ಮಾತು ತಿರುಗಿಸುತ್ತಿದ್ದಾಳೆ ಅಂತ. ಹನ್ನೆರಡು ದಿನದಿಂದ ಮಗು ಅಪ್ಪ ಎಲ್ಲಿ ಅಂತ ಕೇಳುತ್ತಿದೆ, ಕೆಲಸಕ್ಕೆ ಹೋಗಿದ್ದಾನೆ ಅಂತ ಹೇಳುತ್ತಿದ್ದೇನೆ ಅಂದಳು. ಒಂದೇ ಒಂದು ಮಾತು ಬರೆದುಕೊಟ್ಟರೆ ಸಾಕಂತೆ. ಅದು ಅವರ ಬೂಟಲ್ಲ ಅಂತ.

‘ಹಾಗೆ ಬರೆಯೋಕಾಗಲ್ಲ ಅಕ್ಕಾ.’

‘ಯಾಕಾಗಲ್ಲ?’

‘ಅಲ್ಲ ಅಂತಲೂ ನನಗೆ ಗೊತ್ತಿಲ್ಲ.’

‘ಒಳಗೆ ಹಾಕಿಸೋವಾಗ ಎಲ್ಲಾ ಗೊತ್ತಿತ್ತು. ಬಿಡಿಸೋವಾಗ ಗೊತ್ತಿಲ್ಲ. ಚೆನ್ನಾಗಿದೆ ಕಣೇ ನಿನ್ನ ಸತ್ಯ.’

ಹೋದಳು. ಕೂಗಾಡಲಿಲ್ಲ. ಅಪ್ಪ ತಲೆ ಎತ್ತಲಿಲ್ಲ.

ಅಲ್ಲ ಅಂತ ಬರೆದುಬಿಟ್ಟರೆ ಮೊದಲಿನ ತಪ್ಪನ್ನೇ ಇನ್ನೊಂದು ದಿಕ್ಕಿಗೆ ಮಾಡಿದ ಹಾಗೆ. ಅವಳಿಗೆ ಇದನ್ನು ಹೇಗೆ ಹೇಳುವುದು. ಹೇಳಿದರೂ ಅವಳೇಕೆ ಕೇಳಬೇಕು.

ಜೂನ್ 27, ಗುರುವಾರ

ಶುರು. ನೆನಪಿನಿಂದ ಲಿಸ್ಟ್. ನಮ್ಮ ಅಂಗಡಿಯಲ್ಲಿ ಗಿರಾಕಿ ಹೆಸರು ಬರೆಯುವ ಪದ್ಧತಿಯಿಲ್ಲ. ಅಟ್ಟೆಗೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕುತ್ತೇವೆ, ಕೊಡುವಾಗ ಒರೆಸುತ್ತೇವೆ. ಮುಖಕ್ಕಿಂತ ಬೂಟು ಚೆನ್ನಾಗಿ ನೆನಪಿದೆ. ಕಂದು, ಲೇಸಿನ ತುದಿ ಸುಟ್ಟದ್ದು — ಕಂಡಕ್ಟರ್. ಕಪ್ಪು, ಒಳಬದಿ ಸವೆದದ್ದು — ಡ್ರೈವಿಂಗ್ ಸ್ಕೂಲಿನವನು. ಮೂವತ್ತೇಳು ನೆನಪಾದವು.

ಪೋಸ್ಟ್‌ಮಾಸ್ಟರ್ ತಾತನ ಮನೆಗೆ ಹೋಗಿ ಇಂಕ್ ಪ್ಯಾಡ್ ಕೇಳಿದೆ. ಯಾವ ಕೇಸು ಅಂತ ಹೇಳಿದೆ. ಪ್ಯಾಡ್ ಕೊಟ್ಟು ಕೊಡೆ ಹಿಡಿದು ಹಿಂದೆಯೇ ಹೊರಟ. ಸಾಕ್ಷಿ ಇಲ್ಲದೆ ತೆಗೆದ ಗುರುತು ಕಸ ಕಣಮ್ಮ ಅಂದ. ಪ್ರತಿ ಹಾಳೆಯ ಮೇಲೆ ತಾರೀಖು, ಹೊತ್ತು, ಜಾಗ, ಸಹಿ. ಅವನ ಸಹಿಗೆ ಅರ್ಧ ನಿಮಿಷ ಬೇಕು. ಕೆಳಗೆ ಎರಡು ಗೆರೆ ಎಳೆಯದೆ ಬಿಡುವುದಿಲ್ಲ.

ಇವತ್ತು ಆರು. ಆರಕ್ಕೆ ಆರೂ ಏಳನೇ ಮೊಳೆ ಒಳಗೆ.

ಜೂನ್ 30, ಭಾನುವಾರ

ಹದಿನೇಳು. ಕೆಲವರು ಕಾಲು ಕೊಡುವುದಿಲ್ಲ. ಡ್ರೈವಿಂಗ್ ಸ್ಕೂಲಿನವನು ಬಾಗಿಲು ಮುಚ್ಚಿದ. ಕಂಡಕ್ಟರ್ ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಒತ್ತಿಕೊಟ್ಟ. ಪ್ಯಾಸೆಂಜರೆಲ್ಲ ಇಣುಕಿದರು. ಏನಿದು ಓಟು ಹಾಕ್ತಿದೀಯಾ, ಅದಕ್ಕೆ ಬೆರಳು ಸಾಕಲ್ವಾ ಅಂತ ಯಾರೋ ಅಂದರು.

ಆದರೆ ಇವತ್ತಿನ ದೊಡ್ಡ ಸಂಗತಿ ಅದಲ್ಲ. ಕನ್ನಡಕದಂಗಡಿಯ ಮಾಲೀಕ. ಕಳ್ಳತನವಾದದ್ದು ಅವನದೇ ಅಂಗಡಿಯಲ್ಲಿ. ಅವನ ಕಪ್ಪು ಶೂಗೂ ಹಿಮ್ಮಡಿ ಹೊಡೆದದ್ದು ನಾನೇ. ಹಾಳೆಯ ಮೇಲೆ ಒತ್ತಿದ. ಏಳನೆಯದು ಒಳಗೆ. ಅವನೇ ಕನ್ನಡಕ ಸರಿಮಾಡಿಕೊಂಡು, ಪೊಲೀಸರು ಕೊಟ್ಟಿದ್ದ ಫೋಟೋ ತಂದು, ಎರಡನ್ನೂ ಪಕ್ಕ ಪಕ್ಕ ಹಿಡಿದ.

ಇವತ್ತು ನಾನು ಹೊರಡುವಾಗ ಅಪ್ಪ ನನ್ನ ಚಪ್ಪಲಿಯ ಕಿತ್ತ ಬಾರು ಹೊಲಿದಿಟ್ಟಿದ್ದ.

ಜುಲೈ 2, ಮಂಗಳವಾರ

ಅಕ್ಕನೊಂದಿಗೆ ಜಗಳ. ವಾಚ್‌ಮನ್ ಅಜ್ಜನಿಗೆ ಆಪರೇಷನ್ ಆಗಿದೆ. ಇನ್ನು ವಾಕರ್ ಹಿಡಿದೇ ನಡೆಯಬೇಕು. ಕಳ್ಳ ಸಿಕ್ಕಿದ ಅಂತ ಇವಳೇ ಅವರಿಗೆ ಹೇಳಿದ್ದಾಳೆ. ಅವತ್ತು ರಾತ್ರಿ ಮೊದಲ ಸಲ ನಿದ್ದೆ ಮಾಡಿದರಂತೆ. ಈಗ ಹೋಗಿ, ತಂಗಿ ಮಾತು ವಾಪಸ್ ತಗೊಂಡಳು, ಕಳ್ಳ ಸಿಕ್ಕಿಲ್ಲ ಅನ್ನಬೇಕಾ ಅಂತ ಕೇಳಿದಳು.

ನಾನೇ ಹೋದೆ. ವಿಸಿಟಿಂಗ್ ಅವರ್, ನಾಲ್ಕು ಗಂಟೆ. ಎಲ್ಲವನ್ನೂ ಹೇಳಿದೆ. ತಗಡಿನಿಂದ ಹಿಡಿದು. ಅಜ್ಜ ಕಣ್ಣು ಮುಚ್ಚಿಯೇ ಕೇಳಿದರು. ನಿದ್ದೆ ಹೋದರೇನೋ ಅಂದುಕೊಂಡೆ.

‘ಹಂಗಾದ್ರೆ ತಳ್ಳಿದೋನು ಹೊರಗೆ ಇರಬೋದು.’

‘ಇರಬಹುದು ಅಜ್ಜ.’

‘ಹೇಳಿದ್ದು ಒಳ್ಳೇದಾಯ್ತು. ಕಿಟಕಿ ಹಾಕ್ಕೊಂಡು ಹೋಗು.’

ಕಿಟಕಿ ಹಾಕಿ ಬಂದೆ.

ಜುಲೈ 4, ಗುರುವಾರ

ಇಪ್ಪತ್ತಮೂರು ಹಾಳೆ, ಕಾಗದದ ಚೀಲದಲ್ಲಿ. ಜೊತೆಗೆ ನಾಲ್ಕು ಪುಟ ಬರೆದದ್ದು. ‘ಜೂನ್ 12ರಂದು ನಾನು ಖಂಡಿತ ಅಂದದ್ದು ತಪ್ಪು. ನನ್ನ ತಗಡಿನಿಂದ ಹೊಡೆದ ಎಲ್ಲ ಹಿಮ್ಮಡಿಯಲ್ಲೂ ಇದೇ ಗುರುತಿದೆ. ಈ ಮೊಳೆಯೊಂದರಿಂದ ಅದು ಆತನ ಬೂಟು ಹೌದೆಂದೂ ಹೇಳಲಾರೆ, ಅಲ್ಲವೆಂದೂ ಹೇಳಲಾರೆ.’ ಕಾಗುಣಿತ ತಾತ ತಿದ್ದಿದ. ಮಾತು ನನ್ನದೇ.

ಇನ್ಸ್‌ಪೆಕ್ಟರ್ ಒಂದೊಂದೇ ಹಾಳೆ ತಿರುವಿದರು. ಒಂಬತ್ತನೆಯದರಲ್ಲಿ ನಿಂತರು. ಬಾಗಿಲ ಕಡೆ ನೋಡಿದರು. ಅದು ಅವರದೇ ಕಾನ್‌ಸ್ಟೇಬಲ್‌ದು. ಎಡಗಾಲು ಎತ್ತು ಅಂದರು. ಗೋಡೆ ಹಿಡಿದು ಕೊಕ್ಕರೆಯ ಹಾಗೆ ಒಂಟಿ ಕಾಲಲ್ಲಿ ನಿಂತ. ಇನ್ಸ್‌ಪೆಕ್ಟರ್ ಬಗ್ಗಿ ಎಣಿಸಿದರು. ಏಳಕ್ಕೆ ಬಂದು ಎಣಿಕೆ ನಿಲ್ಲಿಸಿದರು.

ತಗಡನ್ನೂ ತೆಗೆದುಕೊಂಡರು. ರಸೀತಿ ಕೇಳಿದೆ. ನನ್ನನ್ನೇ ನೋಡಿದರು, ಆಮೇಲೆ ಬರೆದುಕೊಟ್ಟರು. ಉಳಿದ ಹದಿನಾಲ್ಕು ಜೋಡಿಯ ಲಿಸ್ಟ್ ವಿಳಾಸದ ಸಮೇತ ಕೊಡು, ಇನ್ನು ನೀನು ಮನೆ ಮನೆ ತಿರುಗಬೇಡ, ಅದು ನಮ್ಮ ಕೆಲಸ ಅಂದರು.

ಜುಲೈ 6, ಶನಿವಾರ

ಕೊನೆಯ ಕ್ಲಾಸ್. ಎಲ್ಲರಿಗೂ ಒಂದು ಸರ್ಟಿಫಿಕೇಟ್. ನನ್ನ ಜೀವನದ ಮೊದಲನೆಯದು. ಮೇಡಂ ಕೇಸಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಕೈಗೆ ಕೊಡುವಾಗ ಮಾತ್ರ, ಓದು ಮುಂದುವರಿಸುವ ಯೋಚನೆ ಇದೆಯಾ ಅಂತ ಕೇಳಿದರು. ಪ್ರೈವೇಟಾಗಿ ಹತ್ತನೆಯದು ಕಟ್ಟುತ್ತೇನೆ ಅಂದೆ. ಬಾಯಿಂದ ಹೊರಬಿದ್ದ ಮೇಲೆ ನಿಜ ಅಂತ ಗೊತ್ತಾಯಿತು.

ಜುಲೈ 18, ಗುರುವಾರ

ಹನ್ನೆರಡು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ, ಕಾಯುವುದು ಮಾತ್ರ.

ಇವತ್ತು ಕೋರ್ಟ್. ಲ್ಯಾಬಿನ ವರದಿ ಬಂದಿದೆ. ಹಿಮ್ಮಡಿ ಮಾತ್ರ ಸಿಕ್ಕಿದೆ, ಮೊಳೆಯ ಸಾಲು ಕನಿಷ್ಠ ಇಪ್ಪತ್ತಮೂರು ಬೂಟುಗಳಲ್ಲಿದೆ, ಸವೆತ ಸ್ಪಷ್ಟವಿಲ್ಲ. ತೀರ್ಮಾನ: ಹೇಳಲಾಗದು. ಅವನಿಗೆ ಜಾಮೀನು ಸಿಕ್ಕಿತು. ಕೇಸು ಮುಗಿದಿಲ್ಲ.

ಸರ್ಕಾರಿ ವಕೀಲರು ನನ್ನನ್ನು ದುರುಗುಟ್ಟಿ ನೋಡಿದರು. ಇಸ್ತ್ರಿ ಅಂಗಡಿಯವಳು ನೋಡಲೇ ಇಲ್ಲ. ಮಗುವನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡು ಮುಂದೆ ಹೋದಳು.

ಜುಲೈ 22, ಸೋಮವಾರ. ಬೆಳಿಗ್ಗೆ ಹನ್ನೊಂದು

ಲಿಫ್ಟಿನವನು ಬಂದಿದ್ದಾನೆ. ಕಾಲಲ್ಲಿ ರಬ್ಬರ್ ಚಪ್ಪಲಿ. ಬೂಟು ಇನ್ನೂ ಲ್ಯಾಬಿನಲ್ಲಿದೆ. ಕಂಪನಿಯವರು ಕೇಸು ಮುಗಿಯಲಿ ಆಮೇಲೆ ಬಾ ಅಂದಿದ್ದಾರೆ. ತೆಳ್ಳಗಾಗಿದ್ದಾನೆ.

ಕೂರು ಅಂದರೂ ಕೂರಲಿಲ್ಲ. ಒಂದೇ ಮಾತು ಕೇಳಿ ಹೋಗುತ್ತೇನೆ ಅಂದ.

‘ನಾನು ಮಾಡಿದೀನಿ ಅನ್ಸುತ್ತಾ ನಿಂಗೆ?’

ಅಪ್ಪನ ಸುತ್ತಿಗೆ ನಿಂತಿತು. ಇಲ್ಲ ಅನ್ನಬಹುದಿತ್ತು. ಎರಡೇ ಅಕ್ಷರ. ಅವನಿಗೂ ಅದು ಬೇಕಿತ್ತು, ಅಪ್ಪನಿಗೂ.

‘ಗೊತ್ತಿಲ್ಲ. ನಿಮ್ಮದೇ ಅಂತ ಹೇಳಿದ್ದು ತಪ್ಪು. ಆ ತಪ್ಪು ನಂದು. ಅದಕ್ಕಿಂತ ಹೆಚ್ಚು ನಂಗೆ ಗೊತ್ತಿಲ್ಲ.’

ಬೀದಿಯಲ್ಲಿ ಎಲ್ಲರೂ ‘ನೀನು ಅಂಥವನಲ್ಲ, ಗೊತ್ತಪ್ಪ’ ಅನ್ನುತ್ತಾರಂತೆ. ಅನ್ನುತ್ತಲೇ ಕಣ್ಣು ಅವನ ಕಾಲಿಗೆ ಇಳಿಯುತ್ತದಂತೆ. ಇಷ್ಟು ಹೇಳಿ ಸ್ಟೂಲ್ ಎಳೆದು ಕೂತ.

ಇನ್ಸ್‌ಪೆಕ್ಟರ್ ಕೇಳಿದ್ದ ಲಿಸ್ಟ್ ಇನ್ನೂ ಮೇಜಿನ ಮೇಲೇ ಇತ್ತು. ಹದಿನಾಲ್ಕರಲ್ಲಿ ಹತ್ತಕ್ಕೆ ವಿಳಾಸ ಸಿಕ್ಕಿದೆ, ನಾಲ್ಕಕ್ಕೆ ಇಲ್ಲ. ಅವನು ಕೈ ಚಾಚಿದ. ನಾನು ಎಳೆದುಕೊಂಡೆ. ನೀವು ಇದನ್ನು ಮುಟ್ಟಬಾರದು ಅಂದೆ. ಅಪ್ಪ ಹಣೆ ಚಚ್ಚಿಕೊಂಡ. ಅವನು ಮಾತ್ರ ಸರಿ ಅಂತ ತಲೆಯಾಡಿಸಿ, ಎದ್ದು, ಎರಡೂ ಕೈ ಹಿಂದೆ ಕಟ್ಟಿಕೊಂಡು, ಬಗ್ಗಿ ಓದಿದ. ಒಂದೊಂದು ಸಾಲಿಗೂ ತುಟಿ ಅಲ್ಲಾಡುತ್ತಿತ್ತು. ಹನ್ನೆರಡನೆಯದರಲ್ಲಿ ನಿಂತ. ಜನರೇಟರ್ ಮೆಕ್ಯಾನಿಕ್, ದಪ್ಪ ಮೂತಿಯ ಕಂದು ಬೂಟು. ಮೇ ತಿಂಗಳಲ್ಲಿ ಕನ್ನಡಕದಂಗಡಿಯ ಕಟ್ಟಡದಲ್ಲೇ ತನ್ನ ಜೊತೆ ಕೆಲಸ ಮಾಡಿದ್ದನಂತೆ. ಆಮೇಲೆ ಮನೆ ಬದಲಾಯಿಸಿದ. ಈಗ ನೀರಿನ ಟ್ಯಾಂಕಿನ ಹಿಂದಿನ ಸಾಲಿನಲ್ಲಿದ್ದಾನೆ. ಅಷ್ಟೇ ಹೇಳಿದ. ಅವನ ಮೇಲೆ ಅನುಮಾನ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ. ನೆನಪಿನ ಮೇಲೆ ಒಬ್ಬನನ್ನು ಒಳಗೆ ಹಾಕಿಸಿದ್ದು ಸಾಕು.

ವಿಳಾಸ ಬರೆದುಕೊಂಡೆ. ಸಮಯ ಹನ್ನೊಂದು ಇಪ್ಪತ್ತು. ಮುಂದಿನ ಕಾಲಂ, ಮಾಹಿತಿ ಕೊಟ್ಟವರು. ಏನಂತ ಬರೆಯಲಿ. ಆರೋಪಿ ಅಂತಲೇ ಬರೆಯಬೇಕು, ಇಲ್ಲದಿದ್ದರೆ ನಾಳೆ ವಕೀಲರು ಮುಚ್ಚಿಟ್ಟೆ ಅನ್ನುತ್ತಾರೆ. ಆದರೆ ಅವನು ಬಗ್ಗಿ ನೋಡುತ್ತಿದ್ದಾನೆ. ಕೈ ಇನ್ನೂ ಹಿಂದೆಯೇ. ಬರಿ ಅಂತಿದ್ದಾನೆ. ಅದೇ ಪದ ಬರಿ, ನೀನು ಬರೆಯೋದನ್ನ ನಾನು ನೋಡ್ಬೇಕು ಅಂತ. ‘ಆರೋಪಿ’ ಅಂತ ಬರೆದೆ.